ಖಾಲಿ ಗುಂಡಿಗೆ ನೀರು

ಮರಗಳು ನಡೆದಾಡಲು ಶುರುಮಾಡಿದ ಮೇಲೆ, ಒಗ್ಗದ ಜಾಗದಲ್ಲಿ ಯಾವ ಮರವೂ ನಿಲ್ಲುತ್ತಿರಲಿಲ್ಲ. ಧಾರವಾಡದ ಒಂದು ಪಾರ್ಕಿನ ಹೊಂಗೆಯೂ ಹೋದ ವರ್ಷ ಅಲ್ಲಿ ನಡೆದ ಹಾಡಿನ ಉತ್ಸವದಲ್ಲಿ ಮೈಕಿನ ಗದ್ದಲಕ್ಕೆ ಬೇಸತ್ತು ಎದ್ದು ಹೋಗಿತ್ತು. ಸ್ವಯಂಸೇವಕಿ ನೀಲಾಂಬಿಕಾ ಮಾತ್ರ ಅದರ ಖಾಲಿ ಗುಂಡಿಗೆ ದಿನವೂ ನೀರು ಹಾಕುತ್ತಿದ್ದಳು.

"ಈ ಸಲ ಆ ಗುಂಡಿ ಮುಚ್ಚಿ ಸ್ಟೇಜ್ ಹಾಕೋಣ್ರಿ," ಎಂದರು ಈ ವರ್ಷದ ಉತ್ಸವದ ಸಭೆಯಲ್ಲಿ ಪಾರ್ಕಿನ ಮೇಲ್ವಿಚಾರಕ ಮುದಕಪ್ಪ.

"ಅದು ಹೊಂಗಿ ಮನಿರೀ. ಮುಚ್ಚಾಕ ನಾ ಬಿಡಂಗಿಲ್ಲ," ಎಂದಳು ನೀಲಾಂಬಿಕಾ. "ಸ್ಟೇಜೂ ಬ್ಯಾಡ, ಮೈಕೂ ಬ್ಯಾಡ. ಹಂಗ ಕುಂತು ಹಾಡೋಣು."

ಉತ್ಸವದ ಸಂಜೆ ಎಲ್ಲರೂ ಹುಲ್ಲಿನ ಮೇಲೆ ಕೂತು ಹಾಡುತ್ತಿದ್ದಾಗ ಗೇಟು ಕಿರುಗುಟ್ಟಿತು. ಹೊಂಗೆ ಒಳಗೆ ಬಂತು. ಅದರ ಬೆನ್ನಿಗೆ ಪಕ್ಕದ ಬಡಾವಣೆಯ ಎರಡು ಬೇವಿನ ಮರಗಳು, ಸಂಕೋಚದಿಂದ.

ನೀಲಾಂಬಿಕಾ ಸೆರಗು ಸಿಕ್ಕಿಸಿ, ಮುದಕಪ್ಪನ ಕೈಗೆ ಸಲಿಕೆ ಕೊಟ್ಟಳು.

"ಇನ್ನೆರಡು ಗುಂಡಿ ತೋಡ್ರಿ ಸರ್. ನಮ್ಮ ಹೊಂಗಿ ಬೀಗರನ್ನ ಕರಕೊಂಡು ಬಂದೈತಿ!"