ಅಂಟಿನ ಕೋಣೆಯಲ್ಲಿ ತಪಾಸಣೆ

“ಗಾಳಿ ಚೆನ್ನಾಗಿದೆ ಅಂತೀರಲ್ಲ, ನೀವೇ ಇಲ್ಲಿ ಕೂತು ತೋರಿಸಿ,” ಎಂದಳು ಕೋಟಿನವಳು.

ಬೂಟಿನ ಕಾರ್ಖಾನೆಯ ಮಾಲೀಕ ಹಲ್ಲು ಕಿರಿದ. ತಮಾಷೆ ಇರಬೇಕು ಅಂದುಕೊಂಡ. ಆಕೆ ನಗಲಿಲ್ಲ. ಬೂದು ಕೋಟಿನ ಜೇಬಿನ ಮೇಲೆ ತಪಾಸಣಾ ಸಂಸ್ಥೆಯ ಗುರುತು ಹೊಲಿದಿತ್ತು. ಕೈಯಲ್ಲಿ ದಪ್ಪ ಫೈಲು. ಪರಿಸರ, ಕಾರ್ಮಿಕರು ಎರಡೂ ಇಲ್ಲಿ ಕ್ಷೇಮ ಎಂದು ಅದರ ಕೊನೆಯ ಹಾಳೆಗೆ ಸಹಿ ಬಿದ್ದರೆ ದೊಡ್ಡ ಬ್ರ್ಯಾಂಡೊಂದರ ಮೂರು ವರ್ಷದ ಆರ್ಡರು ಅವನದು. ಬೀಳದಿದ್ದರೆ ಅವನನ್ನು ಯಾವ ಬ್ರ್ಯಾಂಡೂ ಮೂಸಿ ನೋಡುವುದಿಲ್ಲ.

“ಎಷ್ಟು ಹೊತ್ತು ಮೇಡಂ?”

“ಮಧ್ಯಾಹ್ನದವರೆಗೆ ಸಾಕು. ಇವರೆಲ್ಲ ಸಂಜೆವರೆಗೂ ಕೂರ್ತಾರೆ.”

ಎರಡನೇ ಸಾಲಿನಲ್ಲಿ ಒಂದು ಸ್ಟೂಲು ಖಾಲಿ ಇತ್ತು. ಮಾಲೀಕ ಕೂತ. ಅದು ಒಂದು ಕಡೆಗೆ ವಾಲಿತು.

“ಎಡಕ್ಕೆ ಭಾರ ಹಾಕಿ, ನಿಲ್ಲುತ್ತೆ,” ಎಂದಳು ಆಕೆ ಅತ್ತ ತಿರುಗದೆಯೇ.

ಮುದಿ ಮೇಸ್ತ್ರಿ ಅಂಟಿನ ಡಬ್ಬಿ ತಂದಿಟ್ಟು, ಬಾಯಿಗೆ ಟವೆಲು ಒತ್ತಿಕೊಂಡು ಕೆಮ್ಮುತ್ತಾ ಓಡಿದ. ಇವನಿಗೆ ಇವತ್ತೇ ಕೆಮ್ಮು ಬರಬೇಕಿತ್ತೇ ಎಂದು ಮಾಲೀಕ ಹಲ್ಲು ಕಡಿದ. ನೀಲಿ ಬಟ್ಟೆಯಲ್ಲಿ ತಲೆ, ಮೂಗು, ಬಾಯಿ ಸುತ್ತಿಕೊಂಡ ನಲವತ್ತು ಹೆಂಗಸರು ಕತ್ತೆತ್ತಲಿಲ್ಲ. ಕತ್ತೆತ್ತಬಾರದೆಂದು ಅವನೇ ನಿನ್ನೆ ಗದರಿಸಿ ಹೇಳಿದ್ದ.

ಆಕೆ ಆ ಕೋಟು ತೊಟ್ಟು ಬಂದದ್ದಕ್ಕೆ ಬೇರೆಯೇ ಕಾರಣವಿತ್ತು. ಆಕೆಯ ತಂಗಿ ಇದೇ ಕೋಣೆಯಲ್ಲಿ ನಾಲ್ಕು ವರ್ಷ ಅಟ್ಟೆಗೆ ಅಂಟು ಬಳಿದಿದ್ದಳು. ಮೊದಲು ತಲೆನೋವು ಬಂತು, ಆಮೇಲೆ ಬೆರಳು ಜೋಮು ಹಿಡಿಯಿತು, ಆಮೇಲೆ ಕಾಲು ಸೋತವು. ಈಗ ಅಡುಗೆಮನೆಯಿಂದ ಬಚ್ಚಲಿಗೆ ಗೋಡೆ ಹಿಡಿದು ಹೋಗುತ್ತಾಳೆ. ವಯಸ್ಸು ಇಪ್ಪತ್ತಾರು. ಅಂಟಿನ ಹಬೆ ನರಗಳನ್ನು ತಿಂದಿದೆ ಎಂದು ಡಾಕ್ಟರು ಹೇಳಿದಾಗ, “ಮನೇಲಿ ಎಲ್ಲೋ ಬಿದ್ದಿರ್ಬೇಕು” ಎಂದು ಈ ಮನುಷ್ಯ ಕೈ ತೊಳೆದುಕೊಂಡಿದ್ದ. ಇವನಿಗೂ ಇದೇ ಗಾಳಿ ಕುಡಿಸಬೇಕು ಎಂದು ಅಕ್ಕ ಅವತ್ತೇ ನಿಶ್ಚಯಿಸಿದ್ದಳು. ಈಗ ಕುಡಿಸುತ್ತಿದ್ದಳು. ಅವನು ಮೂಗು ಉಜ್ಜಿಕೊಂಡಾಗಲೆಲ್ಲ ಆಕೆಯ ಹೊಟ್ಟೆ ತಣ್ಣಗಾಗುತ್ತಿತ್ತು, ಅದಕ್ಕೆ ಆಕೆಗೆ ಎಳ್ಳಷ್ಟೂ ನಾಚಿಕೆ ಇರಲಿಲ್ಲ.

ಗಂಟೆ ಕಳೆಯುವಷ್ಟರಲ್ಲಿ ಅವನ ಕಣ್ಣು ಕೆಂಪಾದವು. ಎದ್ದು ನಿಂತ.

“ಎಲ್ಲಿಗೆ?”

“ಒಂದ್ನಿಮಿಷ, ಬಾತ್‌ರೂಮಿಗೆ...”

“ಟೋಕನ್ ತಗೊಂಡ್ರಾ? ಅರ್ಧ ದಿನಕ್ಕೆ ಒಂದೇ ಟೋಕನ್ ಅಲ್ವಾ ಇಲ್ಲಿ?”

“ಅದೆಲ್ಲ ನಿಮಗೆ ಹೇಗೆ ಗೊತ್ತು ಮೇಡಂ?”

“ಗೊತ್ತಿಲ್ದೆ ಬರ್ತೀನಾ?”

ಯಾರೋ ಕಿಸಕ್ಕೆಂದರು. ಮಾಲೀಕ ಮತ್ತೆ ಕೂತ. ಮೇಡಂನ ಒಲಿಸಿಕೊಳ್ಳದೆ ಗತಿಯಿಲ್ಲ ಎಂದುಕೊಂಡು ಹೊಸ ಮಾದರಿಯ ಬೂಟಿನ ಒಂದು ಡಬ್ಬ ತರಿಸಿದ. ಅದರ ಮೇಲೆ ‘ಭೂಮಿಗೆ ನೋಯದ ಹೆಜ್ಜೆ’ ಎಂದು ಹಸಿರು ಅಕ್ಷರದಲ್ಲಿ ಅಚ್ಚಾಗಿತ್ತು.

“ನಿಮ್ಮ ಸೈಜ್ ಹೇಳಿ ಮೇಡಂ. ಮನೆಯವರದ್ದೂ ಹೇಳಿ.”

“ಮನೇಲಿ ತಂಗಿ ಇದ್ದಾಳೆ. ಅವಳು ಬೂಟು ಹಾಕೋದು ಬಿಟ್ಟು ಎರಡು ವರ್ಷ ಆಯ್ತು.”

“ಒಳ್ಳೇದು, ಒಳ್ಳೇದು. ಬರಿಗಾಲು ಆರೋಗ್ಯಕ್ಕೆ ಒಳ್ಳೇದಂತೆ,” ಎಂದು ಅವನು ನಕ್ಕ.

ಆಕೆ ಡಬ್ಬವನ್ನು ಅವನತ್ತಲೇ ತಳ್ಳಿದಳು. ಕೇಳಿದಳು: “ಈ ನಲವತ್ತು ಜನರಲ್ಲಿ ಎಷ್ಟು ಜನರ ಗುರುತು ಹಿಡೀತೀರಿ?”

“ಮುಖ ಕಟ್ಕೊಂಡು ನಾನೇನ್ ಮಾಡ್ಲಿ ಮೇಡಂ? ನನಗೆ ಬೇಕಾಗಿರೋದು ಕೈ.”

“ಒಳ್ಳೇದೇ ಆಯ್ತು,” ಎಂದು ಆಕೆ ಹಿತ್ತಲಿನ ಡ್ರಮ್ಮುಗಳನ್ನು ನೋಡಲು ಹೊರಟಳು.

ಬಾಗಿಲು ಮುಚ್ಚಿದ್ದೇ ತಡ, ಮಾಲೀಕ ಬ್ರಷ್ಷು ಎಸೆದ. ತಲೆ ಸಿಡಿಯುತ್ತಿತ್ತು. ಕೋಪ ತೀರಿಸಿಕೊಳ್ಳಲು ಯಾರಾದರೂ ಬೇಕಿತ್ತು. ಪಕ್ಕದ ಸ್ಟೂಲಿನ ಹೆಂಗಸು ಬೆಳಗಿನಿಂದ ಒಂದೇ ಅಟ್ಟೆಯ ಜೊತೆ ಗುದ್ದಾಡುತ್ತಿದ್ದಳು.

“ಏಯ್, ಬ್ರಷ್ಷು ಹಿಡಿಯೋಕೂ ಬರಲ್ವೇನೇ ನಿಂಗೆ?”

“ಕಲೀತಾ ಇದ್ದೀನಿ ಸಾರ್,” ಎಂದಳು ಅವಳು. “ಈ ಫ್ಯಾನುಗಳು ಇದ್ರೂ ಇಷ್ಟು ಉರಿ. ನಾಳೆನೂ ಇವು ಇರ್ತಾವಾ ಸಾರ್?”

“ಬಾಡಿಗೆದು ಕಣೇ. ಸಂಜೆ ವಾಪಸ್. ಹಿಂದಿನ ಬಾಗಿಲಿಗೂ ನಾಳೆ ಬೀಗ ಬೀಳುತ್ತೆ. ಗಾಳಿ ತಗೋತಾ ನಿಲ್ಲೋಕೆ ನಿಮಗೇನು ಪಾರ್ಕಾ ಇದು?”

“ಡ್ರಮ್ಮಿನ ಕೊಳಕು ನೀರು?”

“ಅದೂ ಎಂದಿನ ಹಾಗೆ ಹಳ್ಳಕ್ಕೆ. ನಿಂಗ್ಯಾಕೆ ಊರ ಉಸಾಬರಿ?”

“ಹೆದರಿಕೆ ಆಗುತ್ತೆ ಸಾರ್. ಯಾರೋ ಒಬ್ಬಳಿಗೆ ಕಾಲು ಹೋಯ್ತಂತೆ.”

“ಒಬ್ಬಳಲ್ಲ, ಹನ್ನೊಂದು ಜನ,” ಎಂದ ಮಾಲೀಕ ದನಿ ತಗ್ಗಿಸಿ. “ಒಬ್ಬಳ ಹೆಸರಾದ್ರೂ ರಿಜಿಸ್ಟರಲ್ಲಿ ಇದ್ಯಾ? ಇಲ್ಲ. ಅವ್ರು ಇಲ್ಲಿ ಕೆಲಸ ಮಾಡೇ ಇಲ್ಲ. ಆ ಮೇಡಂ ಮುಂದೆ ಬಾಯಿ ಬಿಟ್ಯೋ, ನಿನ್ನ ಹೆಸರೂ ಹಾಗೇ ಮಾಯ ಆಗುತ್ತೆ.”

“ಇಲ್ಲ ಸಾರ್. ಅವರ ಮುಂದೆ ನಾನು ಹೇಳೋದೇನಿದೆ?”

ಊಟದ ಗಂಟೆ ಹೊಡೆಯಿತು. ಕೋಟಿನವಳು ಒಳಗೆ ಬಂದಳು. ಮಾಲೀಕ ಮೇಜು ಹಿಡಿದು ಎದ್ದ. ಒಂದು ಕ್ಷಣ ಕೋಣೆಯೆಲ್ಲ ತಿರುಗಿತು. ಆದರೂ ಮುಖದ ತುಂಬ ನಗು ತಂದುಕೊಂಡು ತನ್ನ ಪೆನ್ನನ್ನೇ ಮುಂದೆ ಚಾಚಿದ.

“ಆಯ್ತಲ್ಲ ಮೇಡಂ? ಇನ್ನು ಒಂದು ಸಹಿ ಹಾಕ್ಬಿಡಿ.”

ಆಕೆ ಪೆನ್ನು ತೆಗೆದುಕೊಂಡಳು. ಫೈಲಿನ ಕೊನೆಯ ಹಾಳೆ ತೆರೆದು, ಎರಡನ್ನೂ ಪಕ್ಕದ ಸ್ಟೂಲಿನ ಹೆಂಗಸಿನ ಮುಂದೆ ಇಟ್ಟಳು. ಕೋಣೆಯಲ್ಲಿ ನಲವತ್ತು ಬ್ರಷ್ಷುಗಳೂ ನಿಂತವು.

“ನನ್ನ ಸಹಿ ನಡೆಯಲ್ಲ ಸಾರ್, ನಾನು ಒಂಬತ್ತು ವರ್ಷದಿಂದ ನಿಮ್ಮಲ್ಲೇ ಅಂಟು ಬಳಿಯೋಳು. ತಪಾಸಣೆಗೆ ಬಂದ ಮೇಡಂ ಇವ್ರು, ನೀವು ಈಗಷ್ಟೇ ‘ಏಯ್’ ಅಂದ್ರಲ್ಲ, ಅವ್ರು.”