ಮುನ್ನೂರನೆಯ ಹಕ್ಕಿ

"ಓಡಿಸೇ ಆ ದರಿದ್ರಗಳನ್ನ!" ಕಾಡಂಚಿನ ಪೊದೆಯೊಳಗೆ ಕ್ಯಾಮೆರಾ ಹಿಡಿದು ಕೂತಿದ್ದ ಗಂಡ ಪಿಸುಗುಟ್ಟಿದ. ಯಾರೋ ಸಾಕಿದ ನಾಲ್ಕು ಕೋಳಿಗಳು ನೆಂಟರ ಮನೆಗೆ ಬಂದ ಹಾಗೆ ಸೀದಾ ಬಂದು ಅವನ ಬೂಟಿನ ದಾರ ಕುಕ್ಕುತ್ತಿದ್ದವು. ಯಾವ ಹಕ್ಕಿಗೂ ಕಾಣಬಾರದೆಂದು ಮುಖಕ್ಕೂ ಹಸಿರು ಬಳಿದುಕೊಂಡಿದ್ದ ಮನುಷ್ಯ!

"ಪಾಪ, ಎಷ್ಟು ಸಲಿಗೆ ನೋಡಿ. ಇದೂ ಹಕ್ಕಿನೇ ಅಲ್ವಾ?" ಹೆಂಡತಿ ಒಂದನ್ನು ಮಡಿಲಿಗೆ ಎತ್ತಿಕೊಂಡಳು. ಅದು ಅಲ್ಲೇ ಕಣ್ಣು ಮುಚ್ಚಿತು.

"ಸಾಕಿದ್ದು ನಮ್ಮ ಪಟ್ಟಿಗೆ ಸೇರಲ್ಲ ಅಂತ ಎಷ್ಟು ಸಲ ಹೇಳ್ಲಿ? ಇಪ್ಪತ್ತು ವರ್ಷದಿಂದ ಫ್ಲಾಸ್ಕ್ ಹೊತ್ಕೊಂಡು ಬರ್ತೀಯ, ಕಾಗೆಗೂ ಕೋಗಿಲೆಗೂ ವ್ಯತ್ಯಾಸ ಗೊತ್ತಿಲ್ಲ. ಮುನ್ನೂರನೇ ಹಕ್ಕಿಗೆ ಬೆಳಗ್ಗೆಯಿಂದ ಬಕಪಕ್ಷಿ ಥರ ಕಾಯ್ತಿದೀನಿ. ನೀಲಿ ಕೊರಳು, ಕೆಂಪು ಬಾಲ. ಅದು ಸಿಗೋವರೆಗೂ ಬಾಯಿ ಮುಚ್ಕೊಂಡಿರು."

ಪಕ್ಷಿವೀಕ್ಷಕರ ಬಳಗ 'ಹದ್ದಿನ ಕಣ್ಣು' ಎಂದು ಬಿರುದು ಕೊಟ್ಟಿದ್ದ ಆ ಮಹಾಶಯ ಮತ್ತೆ ದೂರದ ಮರಕ್ಕೆ ಲೆನ್ಸ್ ತಿರುಗಿಸಿದ. ಆಗ ಅವನ ಬೆನ್ನ ಹಿಂದೆ, ಒಂದೇ ಮಾರು ದೂರದ ಕೊಂಬೆಯ ಮೇಲೆ, ನೀಲಿ ಕೊರಳಿನ ಕೆಂಪು ಬಾಲದ ಹಕ್ಕಿಯೊಂದು ಬಂದು ಕೂತಿತು. ಅವಳು ಅದನ್ನು ನೋಡಿದಳು. ಗಂಡನ ಹಸಿರು ಟೋಪಿಯನ್ನೂ ನೋಡಿದಳು. ಹೇಳಿದ ಮಾತು ಮೀರುವವಳಲ್ಲ. ಬಾಯಿ ಮುಚ್ಚಿಕೊಂಡು ಕೋಳಿಯ ಬೆನ್ನು ಸವರತೊಡಗಿದಳು.