ಮಿಕ್ಸರಿನ ಹೊಟ್ಟೆನೋವು

ಮಹಾನಗರದ ಆಸ್ಪತ್ರೆಯ ಬಾಗಿಲು ವಿಮೆ ಇದ್ದವರಿಗೆ ಮಾತ್ರ ತೆರೆಯುತ್ತಿತ್ತು. ಯಾದಗಿರಿಯಿಂದ ಕೂಲಿಗೆ ಬಂದ ಸಾಬವ್ವನಿಗೆ ವಿಮೆಯಿರಲಿಲ್ಲ. ಅವಳು ಜಲ್ಲಿ ಸುರಿಯುವ ಕಾಂಕ್ರೀಟ್ ಮಿಕ್ಸರಿಗೆ ಇತ್ತು. ಹಾಗಾಗಿ ಹೊಟ್ಟೆನೋವು ಬಂದಾಗ ಎಲ್ಲ ಕೂಲಿಯವರಂತೆ ಅವಳೂ ಮಿಕ್ಸರಿನೊಳಗೆ ಕೂತಳು. ಮೇಸ್ತ್ರಿ ಅದನ್ನು ಆಸ್ಪತ್ರೆಗೆ ತಳ್ಳಿಕೊಂಡು ಬಂದ.

ಡಾಕ್ಟರು ಮಿಕ್ಸರಿನ ಬಾಯಿಗೆ ಟಾರ್ಚು ಹಿಡಿದು, "ಏನಪ್ಪಾ ಮಿಕ್ಸರ್, ಏನಾಗ್ತಿದೆ?" ಎಂದರು.

"ಹೊಟ್ಟಿ ಭಾಳ ನೋಯ್ಲಾಕತ್ತದ್ರೀ," ಒಳಗಿಂದ ಸಾಬವ್ವ ನರಳಿದಳು.

"ಬೆಳಿಗ್ಗೆ ಏನು ತಿಂದೆ?"

"ನಿನ್ನಿ ರೊಟ್ಟಿ, ಶೇಂಗಾ ಹಿಂಡಿ... ಅಲ್ಲಲ್ರೀ, ಜಲ್ಲಿ, ಸಿಮೆಂಟು!"

ಡಾಕ್ಟರು ನಗು ನುಂಗಿಕೊಂಡು ಒಳಗೆ ಗುಳಿಗೆ ಹಾಕಿದರು. "ಒಂದು ವಾರ ಪೂರ್ತಿ ರೆಸ್ಟ್ ಕೊಡಿ," ಎಂದು ಮೇಸ್ತ್ರಿಗೆ ಹೇಳಿದರು.

ಮೇಸ್ತ್ರಿ ಚಾಚೂ ತಪ್ಪದೆ ಪಾಲಿಸಿದ. ಮಿಕ್ಸರನ್ನು ನೆರಳಿಗೆ ನಿಲ್ಲಿಸಿ ಗೋಣಿ ಹೊದಿಸಿದ. ಆಮೇಲೆ ಸಾಬವ್ವನ ಕೈಗೆ ಸಲಿಕೆ ಕೊಟ್ಟು, "ಈ ವಾರ ನೀನೇ ಕಲಸ್ಬೇಕಮ್ಮ. ಪಾಪ, ಅದಕ್ಕೆ ಹುಷಾರಿಲ್ಲ," ಎಂದ.